ಬೆಂಜ್ ಬಂದದ್ದು ಲಾರಿಯಾಗಿ

1954ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಮೋಟಾರು ಪ್ರದರ್ಶನಕ್ಕೆ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿ ಬೆಳ್ಳಿ ಬಣ್ಣದ ಕಾರೊಂದನ್ನು ತಂದು ನಿಲ್ಲಿಸಿತು. ಹೆಸರು ಮರ್ಸಿಡಿಸ್-ಬೆಂಜ್ 300 ಎಸ್‌ಎಲ್. ಅದರ ಬಾಗಿಲು ಪಕ್ಕಕ್ಕೆ ತೆರೆಯುತ್ತಿರಲಿಲ್ಲ, ಮೇಲಕ್ಕೆ ಏಳುತ್ತಿತ್ತು. ಅಮೆರಿಕದ ಶ್ರೀಮಂತರು ಮುಗಿಬಿದ್ದು ನೋಡಿದರು. ಇವತ್ತಿಗೂ ಆ ಮಾದರಿಯ ಒಂದು ಕಾರು ಹರಾಜಿಗೆ ಬಂದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ.

ಅದೇ ವರ್ಷ ಆಗಿನ ಬಿಹಾರದ ಜಮ್‌ಶೆಡ್‌ಪುರದಲ್ಲಿ ಅದೇ ಕಂಪನಿಯ ಹೆಸರು ಹೊತ್ತ ಇನ್ನೊಂದು ಗಾಡಿ ಹೊರಬಿತ್ತು. ಮುಂದೆ ಉದ್ದನೆಯ ಮೂತಿ, ಹಿಂದೆ ಬರೀ ಉಕ್ಕಿನ ಚೌಕಟ್ಟು, ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರ. ಟಾಟಾ-ಮರ್ಸಿಡಿಸ್-ಬೆಂಜ್ ಲಾರಿ. ಇದರ ಚಿತ್ರ ಯಾವ ಅಂದದ ಪತ್ರಿಕೆಯಲ್ಲೂ ಅಚ್ಚಾದಂತೆ ಕಾಣೆ. ಆದರೆ ಕೃಷ್ಣೆಯಿಂದ ಭೀಮೆಯವರೆಗಿನ ಕನ್ನಡ ನಾಡಿನಲ್ಲಿ ಬೆಂಜ್ ಎಂಬ ಹೆಸರಿಗೆ ಮೊದಲು ಬೆಲೆ ತಂದುಕೊಟ್ಟದ್ದು ಇದೇ ಮೂತಿಯ ಗಾಡಿ. ಶ್ರೀಮಂತರ ಕಾರು ಎಂಬ ಕೀರ್ತಿ ಇಲ್ಲಿ ಮುಟ್ಟುವ ಹೊತ್ತಿಗೆ ಬೆಂಜ್ ಲಾರಿ ಎಷ್ಟೋ ಟನ್ ಜೋಳ, ಬೆಲ್ಲ, ಸಿಮೆಂಟ್ ಹೊತ್ತಾಗಿತ್ತು.

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ದರಿಬಡಚಿಯಂಥ ಊರಿನಿಂದ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಜತ್ತ ಮೊದಲು ಡಫಳೆ ಮನೆತನದ ಸಣ್ಣ ಸಂಸ್ಥಾನ. 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು. ಮರುವರ್ಷ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆಯ ಪಾಲಾಯಿತು, 1960ರಲ್ಲಿ ಆ ಜಿಲ್ಲೆಯ ಹೆಸರೇ ಸಾಂಗ್ಲಿ ಎಂದಾಯಿತು. ತಾಲ್ಲೂಕಿನ ಹಳ್ಳಿಹಳ್ಳಿಗಳಲ್ಲಿ ಕನ್ನಡದ ಮನೆಮಾತು, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು, ಕಚೇರಿಯಲ್ಲಿ ಮರಾಠಿ. ಮಳೆ ಕಡಿಮೆ, ನೆಲ ಗಟ್ಟಿ. ರೈಲಿನ ಸುಖವೂ ಅಷ್ಟಕ್ಕಷ್ಟೆ. ಬಾರ್ಸಿ ಲೈಟ್ ರೈಲ್ವೆಯ ಸಣ್ಣ ಹಳಿ 1927ರಲ್ಲಿ ಮಿರಜ ಮುಟ್ಟಿತು, ಆ ದಾರಿಯಲ್ಲಿ ‘ಜತ್ ರೋಡ್’ ಎಂಬ ಸ್ಟೇಷನ್ನೂ ಇದೆ. ಹೆಸರಿನಲ್ಲಿ ಜತ್ತ ಇದ್ದರೂ ಜತ್ತ ಪೇಟೆಗೂ ಅದಕ್ಕೂ ಬಲು ದೂರ. ಹಾಗಾಗಿ ಇಲ್ಲಿ ಬೆಳೆದದ್ದು ಹೊರಗೆ ಹೋಗಬೇಕಾದರೂ, ಹೊರಗಿನದು ಒಳಗೆ ಬರಬೇಕಾದರೂ ಎತ್ತಿನ ಗಾಡಿಯೇ ಗತಿಯಾಗಿತ್ತು, ಆಮೇಲೆ ಲಾರಿ.

ಲಾರಿಯ ಮೂತಿಯ ಮೇಲಿದ್ದ ಆ ಹೆಸರಿನ ಹಿಂದೆ ದೊಡ್ಡ ಕಥೆಯಿದೆ, ಅದರಲ್ಲಿ ಹೆಂಗಸೊಬ್ಬಳ ಪಾಲು ಬಹಳ.

ಕಾರ್ಲ್ ಬೆಂಜ್ ಮಾನ್‌ಹೈಮ್ ಊರಿನ ಎಂಜಿನಿಯರ್. ಕೈಯಲ್ಲಿ ವಿದ್ಯೆಯಿತ್ತು, ವ್ಯವಹಾರ ತಿಳಿಯದು. ಪಾಲುದಾರರ ಜೊತೆ ಜಗಳ, ಸಾಲ, ಜಪ್ತಿಯ ಭಯ. 1872ರಲ್ಲಿ ಅವನನ್ನು ಮದುವೆಯಾದ ಬರ್ತಾ ರಿಂಗರ್ ತನ್ನ ವರದಕ್ಷಿಣೆಯ ಹಣವನ್ನು ಮದುವೆಗೆ ಮೊದಲೇ ಅವನ ಕಾರ್ಖಾನೆಗೆ ಸುರಿದಿದ್ದಳು. 1886ರ ಜನವರಿ 29ರಂದು ಬೆಂಜ್ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಬೇಡಿ ಅರ್ಜಿ ಹಾಕಿದ. ಪೇಟೆಂಟ್ ಸಂಖ್ಯೆ 37435. ಕಾರಿನ ಜನ್ಮಪತ್ರಿಕೆ ಎಂದು ಕಂಪನಿ ಈಗಲೂ ಅದನ್ನೇ ತೋರಿಸುತ್ತದೆ. ಆದರೆ ಗಾಡಿಯನ್ನು ಕೊಳ್ಳುವವರಿರಲಿಲ್ಲ. ಕುದುರೆಯಿಲ್ಲದ ಬಂಡಿ ಸದ್ದು ಮಾಡುತ್ತ ಓಡುವುದನ್ನು ಜನ ಒಂದು ಹುಚ್ಚಾಟವೆಂದೇ ತಿಳಿದರು.

1888ರ ಆಗಸ್ಟ್‌ನಲ್ಲಿ ಒಂದು ನಸುಕು, ಗಂಡ ಏಳುವ ಮುನ್ನ, ಬರ್ತಾ ಆ ಗಾಡಿಯನ್ನು ಹೊರಗೆ ತಳ್ಳಿ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ತವರಿಗೆ ಹೊರಟಳು. ಓಯ್ಗೆನ್‌ಗೆ ಹದಿನೈದು, ರಿಚಾರ್ಡ್‌ಗೆ ಹದಿಮೂರು. ತವರು ಫೋರ್ಟ್ಸ್‌ಹೈಮ್, ಸುಮಾರು ನೂರು ಕಿಲೋಮೀಟರ್ ದೂರ. ಅಷ್ಟು ದೂರ ಯಾರೂ ಅಂಥ ಗಾಡಿಯಲ್ಲಿ ಹೋದವರಿರಲಿಲ್ಲ. ದಾರಿಯಲ್ಲಿ ಇಂಧನ ಮುಗಿಯಿತು. ಪೆಟ್ರೋಲ್ ಬಂಕ್ ಎಂಬುದು ಇನ್ನೂ ಹುಟ್ಟಿರದ ಕಾಲ. ವೀಸ್‌ಲೋಕ್ ಎಂಬ ಊರಿನ ಔಷಧಿ ಅಂಗಡಿಗೆ ಹೋಗಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ಟಾಕಿಗೆ ಹುಯ್ದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನೇ ಸುತ್ತಿದಳು. ಮರದ ಬ್ರೇಕ್ ಸವೆದು ಹಿಡಿಯದಾದಾಗ ಚಮ್ಮಾರನ ಹತ್ತಿರ ನಿಲ್ಲಿಸಿ ಅದಕ್ಕೆ ತೊಗಲು ಹೊಡೆಸಿದಳು. ಏರು ಬಂದಲ್ಲಿ ಮಕ್ಕಳು ಇಳಿದು ನೂಕಿದರು. ಕತ್ತಲಾದ ಮೇಲೆ ಊರು ಮುಟ್ಟಿ ಗಂಡನಿಗೆ ತಂತಿ ಕಳಿಸಿದಳು. ಏರಿನಲ್ಲಿ ಗಾಡಿ ಸೋಲುತ್ತದೆ, ಇನ್ನೊಂದು ಗೇರ್ ಬೇಕು ಎಂಬ ಮಾತು ಆ ಪ್ರಯಾಣದಿಂದಲೇ ಬಂತು, ಬೆಂಜ್ ಅದನ್ನು ಹಾಕಿಯೂ ಹಾಕಿದ.

ಜತ್ತದ ದಾರಿಯಲ್ಲಿ ಕೆಟ್ಟು ನಿಂತ ಲಾರಿಯನ್ನು ಸೈಕಲ್ ಟ್ಯೂಬಿನ ತುಂಡು, ಸಾಬೂನು, ತಂತಿ ಹಿಡಿದು ಹೊರಡಿಸಿದ ಯಾವ ಕ್ಲೀನರ್‌ಗೂ ಬರ್ತಾಳ ಈ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಜ್ ಒಬ್ಬನೇ ಇರಲಿಲ್ಲ. ಅಲ್ಲಿಂದ ಹೆಚ್ಚು ದೂರವಲ್ಲದ ಕಾನ್‌ಸ್ಟಾಟ್‌ನಲ್ಲಿ ಗೋಟ್‌ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬ್ಯಾಕ್ ಅದೇ 1886ರಲ್ಲಿ ಸಾರೋಟಿಗೆ ಎಂಜಿನ್ ಕೂರಿಸಿ ಓಡಿಸಿದ್ದರು. ಹತ್ತು ವರ್ಷದ ಮೇಲೆ, 1896ರಲ್ಲಿ, ಡೈಮ್ಲರ್ ಕಂಪನಿ ನಾಲ್ಕು ಎಚ್‌ಪಿಯ ಮೋಟಾರು ಲಾರಿಯನ್ನೂ ಮಾಡಿತು, ಒಂದೂವರೆ ಟನ್ ಹೊರುವಂಥದ್ದು. ಮರ್ಸಿಡಿಸ್ ಎಂಬ ಹೆಸರು ಬಂದದ್ದು ಗಿರಾಕಿಯಿಂದ. ಫ್ರಾನ್ಸಿನ ನೀಸ್ ನಗರದಲ್ಲಿ ಕಾರುಗಳ ವ್ಯಾಪಾರ ಮಾಡುತ್ತಿದ್ದ ಎಮಿಲ್ ಯೆಲಿನೆಕ್ ಎಂಬ ಸಿರಿವಂತ 36 ಗಾಡಿಗಳಿಗೆ ಐದೂವರೆ ಲಕ್ಷ ಚಿನ್ನದ ಮಾರ್ಕ್ ಆರ್ಡರ್ ಕೊಟ್ಟ, ಹೆಸರು ಮಾತ್ರ ತನ್ನ ಮಗಳದ್ದೇ ಇರಬೇಕೆಂದ. 1902ರಲ್ಲಿ ಆ ಹೆಸರು ನೋಂದಣಿಯಾಯಿತು, 1909ರಲ್ಲಿ ಮೂರು ಮೊನೆಯ ನಕ್ಷತ್ರ. ನೆಲ, ನೀರು, ಗಾಳಿ ಮೂರರಲ್ಲೂ ನಮ್ಮ ಎಂಜಿನ್ ಓಡಲಿ ಎಂಬುದು ಅದರ ಆಶಯ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಹಣ ಕಾಗದದ ಬೆಲೆಗೆ ಇಳಿದಾಗ, ಪೈಪೋಟಿಯ ಎರಡೂ ಕಂಪನಿಗಳು ಬದುಕಲು ಒಂದಾಗಬೇಕಾಯಿತು. 1926ರ ಜೂನ್ 28ರಂದು ಡೈಮ್ಲರ್-ಬೆಂಜ್ ಹುಟ್ಟಿತು.

ನಮ್ಮ ಲಾರಿಯ ಕಥೆಗೆ ಹೆಚ್ಚು ಬೇಕಾದದ್ದು ಡೀಸೆಲ್. ಬೆಂಜ್ ಕಂಪನಿ 1923ರಲ್ಲೇ ಡೀಸೆಲ್ ಎಂಜಿನ್ನಿನ ಲಾರಿಯನ್ನು ರಸ್ತೆಗಿಳಿಸಿತ್ತು. ಅದು ಪೆಟ್ರೋಲಿಗಿಂತ ಅಗ್ಗದ ಎಣ್ಣೆಯಲ್ಲಿ, ಕಡಿಮೆ ಖರ್ಚಿನಲ್ಲಿ, ಹೆಚ್ಚು ಭಾರ ಎಳೆಯುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಬೇಡ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಅದರೊಳಕ್ಕೆ ಸರಿಯಾದ ಕ್ಷಣಕ್ಕೆ ಸರಿಯಾದಷ್ಟು ಎಣ್ಣೆಯನ್ನು ಮಂಜಿನಂತೆ ಸಿಡಿಸಬೇಕು. ಆ ಕೆಲಸ ಮಾಡುವ ಪಂಪನ್ನು ಸ್ಟುಟ್‌ಗಾರ್ಟಿನ ಬಾಷ್ ಕಂಪನಿ 1927ರಿಂದ ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿ ಊರೂರು ಸೇರಿತು. 1936ರಲ್ಲಿ ಕಾರಿಗೂ ಡೀಸೆಲ್ ಬಂತು, 260 ಡಿ ಎಂಬ ಮಾದರಿ.

ಈ ಹೊತ್ತಿಗೆ ಜರ್ಮನಿಯ ಗದ್ದುಗೆಯಲ್ಲಿ ಹಿಟ್ಲರ್ ಇದ್ದ. ಅವನು ನಿಂತು ಕೈಯೆತ್ತುತ್ತ ಮೆರವಣಿಗೆ ಹೋಗುತ್ತಿದ್ದ ಉದ್ದನೆಯ ತೆರೆದ ಕಾರು ಮರ್ಸಿಡಿಸ್ 770. ಮ್ಯೂನಿಕ್‌ನಲ್ಲಿ ಅವನಿಗೆ ಕಾರು ಒದಗಿಸುತ್ತಿದ್ದ ಯಾಕೊಬ್ ವೆರ್ಲಿನ್ ಮುಂದೆ ಕಂಪನಿಯ ಆಡಳಿತ ಮಂಡಳಿಗೇ ಏರಿದ. ಕಾರು ಮಾರಿದ್ದಷ್ಟೇ ಆಗಿದ್ದರೆ ವ್ಯಾಪಾರವೆಂದು ಬಿಡಬಹುದಿತ್ತು. ಯುದ್ಧ ಬಂದಾಗ ಕಂಪನಿ ಮೆಸ್ಸರ್‌ಸ್ಮಿಟ್ ಯುದ್ಧವಿಮಾನಗಳ ಎಂಜಿನ್, ಸೇನೆಯ ಲಾರಿ ತಯಾರಿಸಿತು. ಗಂಡಾಳುಗಳು ಸೈನ್ಯಕ್ಕೆ ಹೋದರು, ಅವರ ಜಾಗಕ್ಕೆ ಹಿಡಿದು ತಂದ ಜನ ಬಂದರು. 1944ರಲ್ಲಿ ಕಂಪನಿಯಲ್ಲಿ ದುಡಿಯುತ್ತಿದ್ದ 63,610 ಜನರಲ್ಲಿ ಹತ್ತಿರಹತ್ತಿರ ಅರ್ಧ ಮಂದಿ ಆಕ್ರಮಿತ ದೇಶಗಳಿಂದ ಬಲವಂತವಾಗಿ ತಂದ ಕೂಲಿಗಳು, ಯುದ್ಧಕೈದಿಗಳು, ನಾತ್ಸಿ ಶಿಬಿರಗಳ ಸೆರೆಯಾಳುಗಳು. ಬರ್ಲಿನ್ ಬಳಿಯ ಗೆನ್ಸ್‌ಹಾಗೆನ್ ಕಾರ್ಖಾನೆಯಲ್ಲಿ ರಾವೆನ್ಸ್‌ಬ್ರೂಕ್ ಶಿಬಿರದಿಂದ ತಂದ ಹೆಂಗಸರು ವಿಮಾನದ ಎಂಜಿನ್ ಜೋಡಿಸಿದರು. ಈ ಅಂಕಿಗಳನ್ನು ಇವತ್ತು ಕಂಪನಿ ತಾನೇ ಒಪ್ಪಿ ಹೇಳುತ್ತದೆ, ಆದರೆ ಒಪ್ಪಲು ನಾಲ್ಕು ದಶಕ ಹಿಡಿಯಿತು. 1986ರಲ್ಲಿ ಕಾರಿನ ನೂರನೇ ಹುಟ್ಟುಹಬ್ಬದ ಸಂಭ್ರಮ ನಡೆದಾಗ ಆ ಹಳೆಯ ಲೆಕ್ಕವನ್ನು ಜನ ಕೇಳತೊಡಗಿದರು. 1988ರಲ್ಲಿ ಕಂಪನಿ 2 ಕೋಟಿ ಜರ್ಮನ್ ಮಾರ್ಕ್ ಕೊಟ್ಟಿತು. 2000ದಲ್ಲಿ ಜರ್ಮನ್ ಸರ್ಕಾರ ಮತ್ತು ಉದ್ಯಮಗಳು ಸೇರಿ ಕಟ್ಟಿದ ಪರಿಹಾರ ನಿಧಿಯಲ್ಲೂ ಪಾಲು ಹಾಕಿತು. ಆ ಹೊತ್ತಿಗೆ ಪರಿಹಾರ ಪಡೆಯಬೇಕಾದವರಲ್ಲಿ ಬಹುಪಾಲು ತೀರಿಹೋಗಿದ್ದರು.

1944ರ ಸೆಪ್ಟೆಂಬರ್‌ನಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬು ಸುರಿದು ಕಂಪನಿಯ ಮುಖ್ಯ ಕಾರ್ಖಾನೆಗಳನ್ನು ನೆಲಸಮ ಮಾಡಿದವು. ಯುದ್ಧ ಮುಗಿದಾಗ ಉಳಿದದ್ದು ಇಟ್ಟಿಗೆಯ ಗುಡ್ಡ. ಐದೇ ವರ್ಷಕ್ಕೆ ಅದೇ ಕಂಪನಿ ಹೊಸ ಲಾರಿ ಮಾಡಿ ಹೊರದೇಶಗಳಲ್ಲಿ ಗಿರಾಕಿ ಹುಡುಕುತ್ತಿತ್ತು. ಆ ಲಾರಿಯ ಎಂಜಿನ್ನಿನ ಹೆಸರು ಓಎಂ 312. ಆರು ಸಿಲಿಂಡರ್, 4.6 ಲೀಟರ್, ಮೊದಮೊದಲು 90 ಎಚ್‌ಪಿ. ಭಾರತದ ಹೆದ್ದಾರಿಗಳ ಮುಂದಿನ ಮೂವತ್ತು ವರ್ಷದ ಹಣೆಬರಹ ಈ ಎಂಜಿನ್ನಿನಲ್ಲಿತ್ತು ಎಂದರೆ ಹೆಚ್ಚೇನೂ ಅಲ್ಲ.

ಇತ್ತ ಭಾರತದಲ್ಲಿ ಲಾರಿ ಎಂದರೆ ಅಮೆರಿಕ, ಇಂಗ್ಲೆಂಡುಗಳ ಮಾಲು. ಶೆವ್ರೊಲೆ, ಫಾರ್ಗೊ, ಡಾಜ್, ಬೆಡ್‌ಫೋರ್ಡ್. ಯುದ್ಧಕ್ಕೆಂದು ಬಂದು, ಮುಗಿದ ಮೇಲೆ ಹರಾಜಾದ ಗಾಡಿಗಳೂ ಬೇಕಾದಷ್ಟಿದ್ದವು. ಹೆಚ್ಚಿನವು ಪೆಟ್ರೋಲ್ ಕುಡಿಯುವಂಥವು. ಜನರಲ್ ಮೋಟಾರ್ಸ್ 1928ರಿಂದಲೇ ಮುಂಬೈಯಲ್ಲಿ ಬಿಡಿಭಾಗ ತರಿಸಿ ಗಾಡಿ ಜೋಡಿಸುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಹೊಸ ಪಟ್ಟು ಹಿಡಿಯಿತು. ಬರೀ ಜೋಡಿಸುವವರು ಬೇಡ, ಬಿಡಿಭಾಗಗಳನ್ನೂ ಇಲ್ಲೇ ತಯಾರಿಸುವ ಯೋಜನೆ ಇದ್ದವರು ಮಾತ್ರ ಇರಿ ಎಂದಿತು. ಜನರಲ್ ಮೋಟಾರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದವು.

ಆ ತೆರವಾದ ಜಾಗಕ್ಕೆ ಬಂದದ್ದು ಟೆಲ್ಕೊ. 1945ರಲ್ಲಿ ರೈಲು ಎಂಜಿನ್ ಮಾಡಲೆಂದು ಟಾಟಾ ಸಮೂಹ ಜಮ್‌ಶೆಡ್‌ಪುರದಲ್ಲಿ ಕಟ್ಟಿದ ಕಂಪನಿ. ಅದನ್ನು ಮುನ್ನಡೆಸಿದವರು ಸುಮಂತ ಮೂಳಗಾಂವಕರ್. 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದವಾಯಿತು, ಆ ವರ್ಷವೇ ಮೊದಲ ಲಾರಿ ಹೊರಬಂತು. ಜರ್ಮನರಿಗೆ ಬೇಕಾದದ್ದು ಮಾರುಕಟ್ಟೆ ಮತ್ತು ಯುದ್ಧದಲ್ಲಿ ಕಳೆದ ಮರ್ಯಾದೆ, ನಮ್ಮವರಿಗೆ ಬೇಕಾದದ್ದು ವಿದ್ಯೆ. ಎರಡೂ ಕಡೆಗೆ ಅಗತ್ಯವಿದ್ದ ವ್ಯವಹಾರ, ಅದಕ್ಕೇ ಬಾಳಿತು ಎನಿಸುತ್ತದೆ. ಮೂಳಗಾಂವಕರ್ ಹಟ ಹಿಡಿದದ್ದು ಒಂದೇ ವಿಷಯಕ್ಕೆ: ಅಚ್ಚು, ಎರಕ, ಗೇರ್ ಎಲ್ಲವನ್ನೂ ನಮ್ಮವರೇ ಮಾಡುವುದನ್ನು ಕಲಿಯಬೇಕು. 1961ಕ್ಕೆ ಇಲ್ಲಿಯ ಲಾರಿ ಸಿಲೋನಿಗೆ ರಫ್ತಾಯಿತು. ಮುಂದೆ 1994ರಲ್ಲಿ ಬಂದ ಟಾಟಾ ಸುಮೊದ ಹೆಸರಿನಲ್ಲಿ ಇರುವುದು ಅವರ ಹೆಸರು ಮತ್ತು ಅಡ್ಡಹೆಸರಿನ ಮೊದಲ ಅಕ್ಷರಗಳೇ. ಅದನ್ನು ನೋಡಲು ಅವರಿರಲಿಲ್ಲ, 1989ರಲ್ಲಿ ತೀರಿಕೊಂಡಿದ್ದರು.

ಈ ಲಾರಿಯ ಗುಂಡಿಗೆ ಮಾತ್ರ ಕನ್ನಡ ನಾಡಿನಲ್ಲೇ ತಯಾರಾಗತೊಡಗಿತು. 1951ರಲ್ಲಿ ಬಾಷ್ ಕಂಪನಿಯ ಸಹಯೋಗದಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಸ್ಥಾಪನೆಯಾಯಿತು. 1953ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳ ತಯಾರಿಕೆ ಶುರುವಾಯಿತು. ಬೆಂಗಳೂರಿನವರಿಗೆ ಮೈಕೊ ಎಂದರೆ ಒಂದು ಬಡಾವಣೆಯ ಹೆಸರು. ವಿಜಯಪುರ, ಸೊಲ್ಲಾಪುರ, ಮಿರಜದ ಹೆದ್ದಾರಿಯ ಗ್ಯಾರೇಜುಗಳಲ್ಲಿ ಅದು ಪಂಪಿನ ಹೆಸರು. ಪಂಪಿನ ಮಿಸ್ತ್ರಿಯದ್ದು ಬೇರೆಯೇ ಜಾತಿ, ಉಳಿದ ಮಿಸ್ತ್ರಿಗಳಿಗಿಂತ ಅವನ ಕೈ ಸ್ವಚ್ಛ, ಕೂಲಿ ಜಾಸ್ತಿ. ಕೋಣೆಯ ಬಾಗಿಲು ಮುಚ್ಚಿ, ಧೂಳು ಬಾರದಂತೆ ನೋಡಿಕೊಂಡು, ನೋಜಲ್ಲನ್ನು ಪರೀಕ್ಷೆಯ ಯಂತ್ರಕ್ಕೆ ಸಿಕ್ಕಿಸಿ ಸನ್ನೆ ಒತ್ತುತ್ತಾನೆ. ಎಣ್ಣೆ ‘ಚುರ್ರ್’ ಎಂದು ಬಿರಿದು ಹೊಗೆಯಂತೆ ಹರಡಿದರೆ ನೋಜಲ್ ನೆಟ್ಟಗಿದೆ. ತುದಿಯಲ್ಲಿ ಒಂದು ಹನಿ ತೂಗಿ ನಿಂತರೆ ಕೆಟ್ಟಿದೆ, ಲಾರಿ ಕಪ್ಪು ಹೊಗೆ ಕಾರುತ್ತದೆ, ಡೀಸೆಲ್ ಕುಡಿಯುತ್ತದೆ. ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದ ಈ ವಿದ್ಯೆಯನ್ನು ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಹುಡುಗರು ನೋಡಿ ನೋಡಿಯೇ ಕಲಿತರು.

ಆ ಕಾಲದಲ್ಲಿ ಕಂಪನಿ ಮಾರುತ್ತಿದ್ದದ್ದು ಪೂರ್ತಿ ಲಾರಿಯನ್ನಲ್ಲ, ಚಾಸಿಯನ್ನು. ಎಂಜಿನ್, ಗಾಲಿ, ಸ್ಟೇರಿಂಗ್, ಉದ್ದನೆಯ ಚೌಕಟ್ಟು, ಅಷ್ಟೆ. ಅದನ್ನು ಜಮ್‌ಶೆಡ್‌ಪುರದಿಂದ ರಸ್ತೆಯ ಮೇಲೇ ಓಡಿಸಿಕೊಂಡು ಬರಬೇಕು. ಚಾಲಕನಿಗೆ ಮೇಲೆ ಸೂರಿಲ್ಲ, ಮುಂದೆ ಗಾಜಿಲ್ಲ. ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತು, ತಲೆ ಮುಖಕ್ಕೆಲ್ಲ ಬಟ್ಟೆ ಸುತ್ತಿ, ಕಣ್ಣಿಗೆ ಗಾಗಲ್ಸ್ ಹಾಕಿ, ಬಿಸಿಲು ಮಳೆ ತಿನ್ನುತ್ತ ದಿನಗಟ್ಟಲೆ ಬರುತ್ತಿದ್ದ. ಇಂಥ ಬತ್ತಲೆ ಚಾಸಿಗಳ ಸಾಲು ಹೋಗುವುದನ್ನು ನೋಡಿದ ತಲೆಮಾರು ಇನ್ನೂ ಇದೆ. ಆಮೇಲೆ ಮರದ ಬಾಡಿ ಕಟ್ಟುವವರ ಕೆಲಸ. ಬಡಗಿ, ಕಮ್ಮಾರ, ಪೇಂಟರ್ ಮೂವರ ಕೈದಾಟಿದ ಮೇಲೆ ಅದಕ್ಕೆ ಕ್ಯಾಬಿನ್, ಹಲಗೆ, ದೇವರ ಪಟದ ಗೂಡು, ಹಿಂದೆ ಬರಹ, ಮುಂದೆ ಲಿಂಬೆಹಣ್ಣು ಮೆಣಸಿನಕಾಯಿ ಬರುತ್ತಿದ್ದವು. ಜರ್ಮನ್ ಎಂಜಿನಿಯರನಿಗೆ ತೋರಿಸಿದ್ದರೆ ತನ್ನ ಗಾಡಿಯ ಗುರುತು ಹಿಡಿಯಲು ಅವನು ಮೂತಿಯ ಮುಂದೆ ಬಂದು ನಿಲ್ಲಬೇಕಾಗುತ್ತಿತ್ತು.

ಹೊರುವ ಲೆಕ್ಕವೂ ಹಾಗೆಯೇ. ಜರ್ಮನಿಯಲ್ಲಿ ಈ ಪೀಳಿಗೆಯ ಒಂದು ಲಾರಿಗೆ 3500 ಎಂದು ಹೆಸರಿಟ್ಟದ್ದು ಮೂರೂವರೆ ಟನ್ ಹೊರುತ್ತದೆಂದು. ಇಲ್ಲಿ ಆ ಲೆಕ್ಕ ಕೇಳಿದವರಾರು? ಹಲಗೆಯ ಮೇಲೆ ಇನ್ನೊಂದು ಹಲಗೆ ಏರಿಸಿ, ಹಗ್ಗ ಬಿಗಿದು, ಅದರ ಮೇಲೆ ಜನರನ್ನೂ ಕೂರಿಸಿದರು. ಕಮಾನುಪಟ್ಟಿ ಮುರಿದರೆ ಇನ್ನೆರಡು ಪಟ್ಟಿ ಸೇರಿಸಿದರು. ಗಾಡಿ ನರಳಿತು, ಓಡಿತು. ಬೆಂಜ್ ಗಟ್ಟಿ ಎಂಬ ಮಾತು ಇಲ್ಲಿ ಬೇರೂರಿದ್ದು ಜಾಹೀರಾತಿನಿಂದಲ್ಲ, ನಿಯಮ ಮೀರಿ ಹೊರಿಸಿದರೂ ಊರು ಮುಟ್ಟಿಸಿತಲ್ಲ ಎಂಬ ಅನುಭವದಿಂದ. ಚಳಿಗಾಲದ ನಸುಕಿನಲ್ಲಿ ಎಂಜಿನ್ ಹಿಡಿಯುವ ಕ್ರಮವೊಂದಿತ್ತು. ಮೊದಲು ಹೀಟರ್ ಹಾಕಬೇಕು. ಡ್ಯಾಶ್‌ಬೋರ್ಡಿನ ಸಣ್ಣ ಕಿಂಡಿಯಲ್ಲಿ ತಂತಿಯ ಸುರುಳಿ ಕೆಂಪಗೆ ಕಾದದ್ದು ಕಂಡ ಮೇಲೆ ಸ್ಟಾರ್ಟ್ ಒತ್ತಬೇಕು. ಅವಸರ ಮಾಡಿದವನ ಬ್ಯಾಟರಿ ಇಳಿದು, ಊರಿನವರನ್ನು ಕರೆದು ನೂಕಿಸಬೇಕಾಗುತ್ತಿತ್ತು.

ಜತ್ತ ಸೀಮೆಗೆ ಲಾರಿ ಏನನ್ನು ತಂದಿತು, ಏನನ್ನು ಒಯ್ದಿತು ಎಂದು ನೋಡಿದರೆ ಈ ನೆಲದ ಕಥೆಯೇ ಕಾಣುತ್ತದೆ. ಜೋಳ, ಶೇಂಗಾ, ಕುರಿ ಹೊರಗೆ ಹೋದವು, ಮುಂದೆ ದಾಳಿಂಬೆ, ದ್ರಾಕ್ಷಿ, ತಾಸಗಾಂವ ಮತ್ತು ಸಾಂಗ್ಲಿಯ ಪೇಟೆಗೆ ಒಣದ್ರಾಕ್ಷಿ. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಕರ್ನಾಟಕದ ಕಡೆಯಿಂದ ಭಕ್ತರು ನಡೆದೂ ಬಂದರು, ಚಕ್ಕಡಿಯಲ್ಲೂ ಬಂದರು, ಲಾರಿ ತುಂಬಿಕೊಂಡೂ ಬಂದರು. ದಸರೆ ದೀಪಾವಳಿ ಮುಗಿದ ಮೇಲೆ ಮುಕಾದಮನ ಮುಂಗಡ ಹಿಡಿದ ಕಬ್ಬು ಕಡಿಯುವ ಟೋಳಿಗಳು ಪಾತ್ರೆ ಪಡಗ, ಕೂಸು, ಕೋಳಿ ಸಮೇತ ಲಾರಿ ಹತ್ತಿ ಕೃಷ್ಣೆ, ಪಂಚಗಂಗೆಯ ದಡದ ಸಕ್ಕರೆ ಕಾರ್ಖಾನೆಗಳ ಕಡೆಗೆ ಹೋದವು. ಊರು ಅರ್ಧ ಖಾಲಿ. ಇನ್ನು 1972ರ ಬರ. ಮಹಾರಾಷ್ಟ್ರದ ಮೇಲೆ ಎರಗಿದ ಆ ಬರದಲ್ಲಿ ಜನ ರಸ್ತೆ ಕಾಮಗಾರಿಯಲ್ಲಿ ಕಲ್ಲು ಒಡೆದು ಬದುಕಿದರು. ಆಗ ಒಡೆದ ಜಲ್ಲಿಯ ಮೇಲೇ ಮುಂದೆ ಲಾರಿಗಳು ಓಡಿದವು. ನಂತರದ ಬರಗಳಲ್ಲಿ ಜತ್ತದ ಹಳ್ಳಿಗಳು ಬೇಸಿಗೆಯ ತಿಂಗಳುಗಟ್ಟಲೆ ಕಾದದ್ದು ಟ್ಯಾಂಕರಿಗೆ. ಸಾಮಾನು ಹೊತ್ತು ಮುದಿಯಾದ ಲಾರಿಯ ಬೆನ್ನಿಗೆ ಟಾಕಿ ಕೂರಿಸಿದರೆ ಅದೇ ಟ್ಯಾಂಕರ್. ಗಾಡಿಯ ಸದ್ದು ಕೇಳಿದೊಡನೆ ಕೊಡ ಹಿಡಿದು ಓಡುವ ಹೆಂಗಸರಿಗೆ ಅದು ಯಾವ ದೇಶದ ಎಂಜಿನ್ ಎಂಬುದು ಬೇಕಿರಲಿಲ್ಲ.

1969ರಲ್ಲಿ ಒಪ್ಪಂದದ ಅವಧಿ ಮುಗಿಯಿತು. ಮೂತಿಯ ಮೇಲಿನ ನಕ್ಷತ್ರ ಹೋಗಿ ಟಾಟಾದ ‘ಟಿ’ ಅಕ್ಷರ ಕುಳಿತಿತು. ಒಳಗಿನ ಎಂಜಿನ್ ರಾತ್ರೋರಾತ್ರಿ ಬದಲಾಗಲಿಲ್ಲ, ಬದಲಾಗಬೇಕಾದ ಕಾರಣವೂ ಇರಲಿಲ್ಲ. 1210 ಮಾದರಿಯ ಲಾರಿಗಳೂ ಅದೇ ವಂಶದವು. ಹೀಗಾಗಿ ಹಳೆಯ ಡ್ರೈವರುಗಳ ಬಾಯಲ್ಲಿ ಟಾಟಾ ಲಾರಿಗೂ ಬೆಂಜ್ ಎಂಬ ಹೆಸರೇ ಬಹಳ ವರ್ಷ ಉಳಿಯಿತು. ಜರ್ಮನಿಯ ಕಂಪನಿ ಒಂದು ಕಾಸೂ ಖರ್ಚು ಮಾಡದೆ ಅದರ ಹೆಸರು ಹಳ್ಳಿಯ ಕಟ್ಟೆಗಳ ಮೇಲೆ ಬದುಕಿಕೊಂಡಿತ್ತು.

ಅತ್ತ ಜಗತ್ತಿನಲ್ಲಿ ಬೆಂಜ್ ಕಾರಿನ ಕೀರ್ತಿ ಏರುತ್ತಲೇ ಇತ್ತು, ಆದರೆ ಕಂಪನಿ ಹೇಳಿಕೊಳ್ಳುವಷ್ಟು ನೇರವಾಗಿ ಅಲ್ಲ. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ ಓಟದಲ್ಲಿ ಪಿಯರ್ ಲವೆಗ್ ಓಡಿಸುತ್ತಿದ್ದ ಮರ್ಸಿಡಿಸ್ ಇನ್ನೊಂದು ಕಾರಿಗೆ ಬಡಿದು ಹಾರಿ ಪ್ರೇಕ್ಷಕರ ಮೇಲೆ ಬಿತ್ತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಕೊನೆಗೆ ಕಂಪನಿ ಪಂದ್ಯಗಳಿಂದಲೇ ಹಿಂದೆ ಸರಿದು ಮೂರು ದಶಕದ ಮಾತು ಮರಳಲಿಲ್ಲ. ಅಪಘಾತದಲ್ಲಿ ಒಳಗಿನವರು ಉಳಿಯುವುದು ಹೇಗೆ ಎಂಬ ಬಗ್ಗೆ ಅಲ್ಲಿ ನಿಜವಾದ ಕೆಲಸವೂ ನಡೆಯಿತು. ಕಾರಿನ ಮೂತಿ, ಬಾಲ ಮುದುಡಿಕೊಂಡು ಹೊಡೆತ ತಿನ್ನಬೇಕು, ನಡುವಿನ ಗೂಡು ಗಟ್ಟಿಯಾಗಿ ನಿಲ್ಲಬೇಕು ಎಂಬ ಬೇಲಾ ಬರೇನಿಯ ವಿಚಾರ 1959ರ ಮಾದರಿಯಲ್ಲಿ ಜಾರಿಗೆ ಬಂತು. ಇವತ್ತು ಎಲ್ಲ ಕಂಪನಿಯ ಕಾರುಗಳಲ್ಲೂ ಅದೇ ತತ್ವ. 1978ರಲ್ಲಿ ಬಾಷ್ ಜೊತೆ ಸೇರಿ ತಂದ ಎಬಿಎಸ್ ಬ್ರೇಕ್ ಈಗ ನಮ್ಮ ಮೋಟಾರ್ ಸೈಕಲ್ಲಿಗೂ ಬಂದಿದೆ.

ಅದೇ ಕಂಪನಿಯ ಹೊಸ ಎ-ಕ್ಲಾಸ್ ಕಾರು 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ನಡೆಸಿದ ಪರೀಕ್ಷೆಯಲ್ಲಿ, ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವಂತೆ ಸ್ಟೇರಿಂಗ್ ತಿರುಗಿಸಿದಾಗ ಮಗುಚಿ ಬಿತ್ತು. ನಕ್ಕವರು ನಕ್ಕರು. ಕಂಪನಿ ಮಾರಾಟ ನಿಲ್ಲಿಸಿ, ಜಾರದಂತೆ ತಡೆಯುವ ಸಾಧನ ಹಾಕಿ ಮತ್ತೆ ತಂದಿತು. ಮರೆಯಲಾಗದ ಕಲೆಗಳು ಬೇರೆ ಇವೆ. 22 ದೇಶಗಳಲ್ಲಿ ಅಧಿಕಾರಿಗಳಿಗೆ ಲಂಚ ಕೊಟ್ಟ ಪ್ರಕರಣದಲ್ಲಿ 2010ರಲ್ಲಿ ಅಮೆರಿಕಕ್ಕೆ 18.5 ಕೋಟಿ ಡಾಲರ್ ಕಟ್ಟಿತು. ಡೀಸೆಲ್ ಕಾರುಗಳ ಹೊಗೆಯ ಲೆಕ್ಕದಲ್ಲಿ ಮೋಸ ಮಾಡಿದ ಆರೋಪಕ್ಕೆ 2020ರಲ್ಲಿ ಅಲ್ಲಿನ ಸರ್ಕಾರದ ಜೊತೆ 150 ಕೋಟಿ ಡಾಲರಿನ ಇತ್ಯರ್ಥ ಮಾಡಿಕೊಂಡಿತು. ಡೀಸೆಲ್ಲಿನಿಂದಲೇ ಹೆಸರು ಮಾಡಿದವರಿಗೆ ಡೀಸೆಲ್ಲಿನಿಂದಲೇ ಹೆಸರು ಕೆಟ್ಟಿತು.

ಭಾರತದಲ್ಲೇ ಬೆಂಜ್ ಕಾರಿನ ಜೋಡಣೆ ಶುರುವಾದದ್ದು ಲಾರಿ ಬಂದ ನಲವತ್ತು ವರ್ಷದ ಮೇಲೆ. ಆರ್ಥಿಕ ಉದಾರೀಕರಣದ ಬಾಗಿಲು ತೆರೆದ ಬಳಿಕ, 1994ರಲ್ಲಿ ಟೆಲ್ಕೊ ಜೊತೆಗೂಡಿಯೇ ಮರ್ಸಿಡಿಸ್-ಬೆಂಜ್ ಇಂಡಿಯಾ ಶುರುವಾಯಿತು. ಪುಣೆಯ ಟೆಲ್ಕೊ ಆವರಣದಲ್ಲಿ 1995ರಿಂದ ಇ-220 ಕಾರುಗಳ ಜೋಡಣೆ ನಡೆಯಿತು. ಜರ್ಮನಿಯಲ್ಲಿ ಅದೇ ವರ್ಷ ಆ ಮಾದರಿಗೆ ಬದಲಿ ಬಂದಿತ್ತು. ಅಲ್ಲಿ ಹಳತಾದದ್ದನ್ನು ಇಲ್ಲಿ ಹೊಸದೆಂದು ಮಾರಿದರು ಎಂದು ತಿಳಿದವರು ಮೂಗು ಮುರಿದರು, ಮಾರಾಟ ಅಂದುಕೊಂಡಷ್ಟಾಗಲಿಲ್ಲ. ಭಾರತದ ಶ್ರೀಮಂತನೂ ಪತ್ರಿಕೆ ಓದುತ್ತಾನೆಂಬ ಅರಿವು ಕಂಪನಿಗೆ ಆಗ ಬಂದಿರಬೇಕು. 2009ರಲ್ಲಿ ಪುಣೆಯ ಆಚೆ ಚಾಕಣದಲ್ಲಿ ನೂರು ಎಕರೆಯ ಸ್ವಂತ ಕಾರ್ಖಾನೆ ತೆರೆಯಿತು. ಬೆಂಗಳೂರಿನಲ್ಲಿ 1996ರಿಂದಲೇ ಇದ್ದ ಅದರ ಸಂಶೋಧನಾ ಕೇಂದ್ರ ಬೆಳೆದು ಜರ್ಮನಿಯ ಹೊರಗೆ ಕಂಪನಿಯ ಅತಿ ದೊಡ್ಡ ಕೇಂದ್ರವಾಯಿತು. 2024ರಲ್ಲಿ ದೇಶದಲ್ಲಿ ಮಾರಾಟವಾದ ಮರ್ಸಿಡಿಸ್ ಕಾರುಗಳು 19,565.

ಮಹಾರಾಷ್ಟ್ರದ ಒಳನಾಡಿನಲ್ಲಿ ಈ ಕಾರು ದೊಡ್ಡ ಸುದ್ದಿಯಾದದ್ದು 2010ರ ಅಕ್ಟೋಬರ್‌ನಲ್ಲಿ. ಔರಂಗಾಬಾದಿನ ಉದ್ಯಮಿಗಳು, ವೈದ್ಯರು, ವ್ಯಾಪಾರಿಗಳು ಒಟ್ಟುಗೂಡಿ ಒಂದೇ ಸಲಕ್ಕೆ ಸುಮಾರು 150 ಮರ್ಸಿಡಿಸ್ ಕಾರು ಕೊಂಡರು, ಬೆಲೆ 65 ಕೋಟಿ ರೂಪಾಯಿ. ನಮ್ಮ ಊರೂ ನಕಾಶೆಯಲ್ಲಿ ಕಾಣಲಿ ಎಂಬ ಉಮೇದು ಅದರ ಹಿಂದಿತ್ತು. ಅದನ್ನು ಬರೀ ಜಂಬವೆಂದು ತಳ್ಳಿಹಾಕುವುದು ಸರಿಯಲ್ಲ, ಮುಂಬೈ ಪುಣೆಗಳು ಸದಾ ಕಡೆಗಣಿಸಿದ ಊರಿನವರ ಛಲ ಅದರಲ್ಲಿತ್ತು. ಆದರೆ ಅದರ ಮೂರರಲ್ಲಿ ಎರಡು ಪಾಲಿನಷ್ಟು ಹಣ ಬ್ಯಾಂಕ್ ಸಾಲ, ಬಡ್ಡಿ ಶೇ. 7. ಪತ್ರಕರ್ತ ಪಿ. ಸಾಯಿನಾಥ್ ಆ ವರ್ಷದ ಕೊನೆಗೆ ‘ದಿ ಹಿಂದೂ’ದಲ್ಲಿ ಬರೆದ ಲೇಖನದಲ್ಲಿ ಇದರ ಪಕ್ಕಕ್ಕೆ ಇನ್ನೊಂದು ಲೆಕ್ಕ ಇಟ್ಟರು. ಅದೇ ಸೀಮೆಯಲ್ಲಿ ರೈತ ಟ್ರ್ಯಾಕ್ಟರಿಗೆ ಸಾಲ ಕೇಳಿದರೆ ಬಡ್ಡಿ ಶೇ. 12ರ ಸುತ್ತ. ಜತ್ತದಲ್ಲಿ ಬೋರು ಕೊರೆಸಿ ನೀರು ಬೀಳದೆ ಸಾಲದ ಕಂತು ಕಟ್ಟುತ್ತಿರುವ ದ್ರಾಕ್ಷಿ ಬೆಳೆಗಾರನಿಗೆ ಈ ಎರಡು ಅಂಕಿಗಳ ನಡುವಿನ ಅಂತರ ಲೇಖನ ಓದಿ ತಿಳಿಯಬೇಕಾದದ್ದೇನಲ್ಲ.

ಅದೇ 2010ರ ಮಾರ್ಚ್‌ನಲ್ಲಿ ಡೈಮ್ಲರ್ ಕಂಪನಿ ಟಾಟಾ ಮೋಟಾರ್ಸ್‌ನಲ್ಲಿ, ಅಂದರೆ ಹಿಂದಿನ ಟೆಲ್ಕೊದಲ್ಲಿ, ತನಗಿದ್ದ ಶೇ. 5.34ರ ಪಾಲನ್ನು ಸುಮಾರು 1,900 ಕೋಟಿ ರೂಪಾಯಿಗೆ ಮಾರಿ ಹಳೆಯ ನಂಟನ್ನು ಕಡಿದುಕೊಂಡಿತು. ಕಾರಣ ಸರಳ, ಲಾರಿಯ ಮಾರುಕಟ್ಟೆಗೆ ತಾನೇ ಎದುರಾಳಿಯಾಗಿ ಇಳಿಯುವುದಿತ್ತು. ಚೆನ್ನೈ ಬಳಿಯ ಓರಗಡಂನಲ್ಲಿ 400 ಎಕರೆಯ ಕಾರ್ಖಾನೆ ಕಟ್ಟಿ 2012ರಲ್ಲಿ ‘ಭಾರತ್‌ಬೆಂಜ್’ ಎಂಬ ಹೊಸ ಹೆಸರಿನಲ್ಲಿ ಲಾರಿ ಹೊರತಂದಿತು. ಯುರೋಪಿನಲ್ಲಿ ಹೊಸ ತಲೆಮಾರಿಗೆ ಬೆಂಜ್ ಎಂದರೆ ಮೊದಲು ಕಾರು. ಭಾರತದಲ್ಲಿ ಆ ಹೆಸರನ್ನು ಲಾರಿಗೆ ಅಂಟಿಸಿದರೆ ಗಿರಾಕಿ ನಂಬುತ್ತಾನೆಂದು ಅವರು ಲೆಕ್ಕ ಹಾಕಿದ್ದರ ಹಿಂದೆ 1954ರಿಂದ ಓಡಿದ ಆ ಮೂತಿಯ ಗಾಡಿಗಳ ದುಡಿಮೆ ಇದೆ.

ಈ ಹೊಸ ಲಾರಿಗೆ ಬಾಡಿ ಕಟ್ಟುವ ಬಡಗಿಗೆ ಹಿಂದಿನಷ್ಟು ಕೆಲಸವಿಲ್ಲ, ಕ್ಯಾಬಿನ್ ಕಾರ್ಖಾನೆಯಿಂದಲೇ ಬರುತ್ತದೆ, ಎಸಿಯೂ ಸಿಗುತ್ತದೆ. ಪಂಪಿನ ಮಿಸ್ತ್ರಿಯ ಕೋಣೆಗೆ ಲ್ಯಾಪ್‌ಟಾಪ್ ಬಂದಿದೆ, ತಪ್ಪು ಎಲ್ಲಿದೆಯೆಂದು ಪರದೆ ಹೇಳುತ್ತದೆ, ನೋಜಲ್ಲಿನ ‘ಚುರ್ರ್’ ಸದ್ದಿಗೆ ಕಿವಿಗೊಡುವವರು ಕಡಿಮೆ. ವಿಜಯಪುರದಿಂದ ಜತ್ತದ ಮೇಲೆ ಹಾಯ್ದು ಮಿರಜದ ಕಡೆಗೆ ಹೋಗುವ ಲಾರಿಗಳಲ್ಲಿ ಟಾಟಾ, ಅಶೋಕ್ ಲೇಲ್ಯಾಂಡ್, ಐಷರ್ ಜೊತೆಗೆ ಭಾರತ್‌ಬೆಂಜ್ ಕೂಡ ಇರುತ್ತದೆ. ಲಾರಿ ಕೊಳ್ಳಲು ಹೊರಟ ಇವತ್ತಿನ ಮಾಲೀಕ ಕೇಳುವುದು ಎರಡು ಮಾತು: ಲೀಟರಿಗೆ ಎಷ್ಟು ಕೊಡುತ್ತದೆ, ಕೆಟ್ಟರೆ ಸರ್ವಿಸ್ ಎಷ್ಟು ದೂರ.